ಎರಡು ಬಾಯಿಗೆ ಒಂದು ಮಿಕ್ಸಿ

ಮಾರ್ಚ್ 4, ಮಂಗಳವಾರ

ಇಂದು ನನಗೆ ಬಡ್ತಿ ಸಿಕ್ಕಿತು. ನೀರು, ಸೋಸಿದ ಸೂಪು, ಪುಡಿ ಕದಡಿದ ಹಾಲು ಎಂಬ ದರ್ಜೆಯಿಂದ ನುಣ್ಣಗೆ ಅರೆದ ಊಟದ ದರ್ಜೆಗೆ. ತೂಕ ಇಳಿಸುವ ಆಪರೇಷನ್ ಆಗಿ ಮೂರು ವಾರವಾಯಿತು. ಡಾಕ್ಟರು ನನ್ನ ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರಕ್ಕೆ ಹೊಲಿದಿದ್ದಾರೆ. ಈ ಬಾಳೆಹಣ್ಣಿಗೆ ಈಗ ಹೊಸದಾಗಿ ಊಟ ಕಲಿಸಬೇಕು. ಮೊದಲು ಅರೆದದ್ದು, ಆಮೇಲೆ ಮೆತ್ತಗಿನದು, ಕೊನೆಗೆ ಗಟ್ಟಿಯದು. ಹೊಸಬರಿಗೆ ಕಾರು ಓಡಿಸಲು ಕಲಿಸುವವನು ನಾನು. ಮೊದಲ ದಿನವೇ ಯಾರನ್ನೂ ಹೆದ್ದಾರಿಗೆ ಕರೆದುಕೊಂಡು ಹೋಗುವುದಿಲ್ಲ. ಹಾಗಾಗಿ ಈ ಕ್ರಮ ನನಗೆ ಅರ್ಥವಾಗುತ್ತದೆ.

ಮಧ್ಯಾಹ್ನ ಕ್ಯಾರೆಟ್, ಒಂದು ಮೊಟ್ಟೆ, ಚಿಟಿಕೆ ಉಪ್ಪು, ಎಲ್ಲವೂ ಮಿಕ್ಸಿಯಲ್ಲಿ ಸುತ್ತಿ ಬಂದವು. ನೋಡಲು ಗೋಡೆಗೆ ಬಳಿಯುವ ಬಣ್ಣದ ಹಾಗಿತ್ತು. ಮಕ್ಕಳಿಗೆ ತಿನ್ನಿಸುವ ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ತೆಗೆದು ನಾಲಿಗೆಯ ಮೇಲಿಟ್ಟೆ. ಕ್ಯಾರೆಟ್ ಇಷ್ಟು ಸಿಹಿ ಎಂದು ಈ ವಯಸ್ಸಿನವರೆಗೆ ನನಗೆ ಯಾರೂ ಹೇಳಿರಲಿಲ್ಲ. ಅಥವಾ ಅದು ಹೇಳುವಷ್ಟು ಹೊತ್ತು ನಾನೇ ಬಾಯಲ್ಲಿ ಉಳಿಸಿಕೊಂಡಿರಲಿಲ್ಲ. ಐದಾರು ಚಮಚಕ್ಕೆ ಹೊಟ್ಟೆ ಬಾಗಿಲು ಹಾಕಿತು.

ನನ್ನವಳು ಎದುರಿಗೇ ಕೂತಿದ್ದಳು. ಅವಳಿಗೆ ಹಾಲಿನ ಡೈರಿಯ ಪರೀಕ್ಷಾ ಕೋಣೆಯಲ್ಲಿ ಬೆಳಗಿನ ಪಾಳಿಯ ಕೆಲಸ. ಇಂದು ನನ್ನ ಬಡ್ತಿಗೋಸ್ಕರ ರಜೆ ಹಾಕಿದ್ದಳು.

"ಹೇಗಿದೆ ರೀ?"

"ಬೊಂಬಾಟಾಗಿದೆ."

"ಕಣ್ಣು ಒರೆಸ್ಕೊಳ್ಳಿ. ಕ್ಯಾರೆಟ್ಟಿಗೆ ಯಾರಾದ್ರೂ ಅಳ್ತಾರಾ?" ಎಂದಳು. ಅವಳ ಮೂಗೂ ಕೆಂಪಾಗಿತ್ತು.

ತಿಂದದ್ದನ್ನು ಬರೆದಿಡಿ ಎಂದು ಡಯಟೀಷಿಯನ್ ಮೇಡಂ ಹೇಳಿದ್ದಾರೆ. ಅವರು ಕೇಳಿದ್ದು ದಿನಕ್ಕೊಂದು ಸಾಲು. ನನಗೆ ಇನ್ನೂ ಕೆಲಸಕ್ಕೆ ಹೋಗುವ ಹಾಗಿಲ್ಲ, ಕೈ ಸುಮ್ಮನಿರುವುದಿಲ್ಲ, ಹೀಗಾಗಿ ಉದ್ದವಾಗುತ್ತಿದೆ. ಇದನ್ನು ಅವರಿಗೆ ತೋರಿಸುವುದಿಲ್ಲ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಮೊಸರು, ಮಧ್ಯಾಹ್ನ ಅರೆದ ಆಲೂಗಡ್ಡೆ ಮತ್ತು ಮೀನು, ಸಂಜೆ ಮತ್ತೆ ಮೊಸರು.

ಮಾವನವರು ಬಂದರು. ನಗರದ ಇನ್ನೊಂದು ತುದಿಯಲ್ಲಿ, ಗಡಿಯಾರದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇರುವವರು. ಇಸ್ಪೀಟಿನ ಗೆಳೆಯರಿದ್ದಾರೆ, ಯಾರ ಹಂಗಿಗೂ ಬೀಳುವವರಲ್ಲ. ಆದರೆ ಕಳೆದ ತಿಂಗಳು ಉಳಿದಿದ್ದ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡಿದ್ದಾರೆ. ಒಸಡು ಮಾಗಿ ಹೊಸ ಹಲ್ಲುಸೆಟ್ಟು ಬರುವ ತನಕ ಏನನ್ನೂ ಅಗಿಯುವಂತಿಲ್ಲ. ಹಾಲಿನಲ್ಲಿ ಬ್ರೆಡ್ ಅದ್ದಿಕೊಂಡು ದಿನ ದೂಡುತ್ತಿದ್ದದ್ದು ಮಗಳಿಗೆ ಗೊತ್ತಾಯಿತು. ಹೋಗಿ ಕೈಹಿಡಿದು ಎಳೆದುಕೊಂಡೇ ಬಂದಳು.

"ಇಬ್ರಿಗೂ ಒಂದೇ ಊಟ, ಒಂದೇ ಮಿಕ್ಸಿ. ನಾನು ಡ್ಯೂಟಿಗೆ ಹೋದಾಗ ಒಬ್ರಿಗೊಬ್ರು ಜೊತೆ ಆಗ್ತೀರಿ" ಎಂದಳು.

ಜೊತೆ! ಮದುವೆಗೆ ಮೊದಲು ಅವರು ಮಗಳಿಗೆ ಹೇಳಿದ್ದರಂತೆ: "ಹುಡುಗ ಒಳ್ಳೆಯವನೇ. ಆದ್ರೆ ಆ ಮೈ ಹೊತ್ಕೊಂಡು ಎಷ್ಟು ವರ್ಷ ಇರ್ತಾನೆ?" ಇವಳು ಅದನ್ನು ತಮಾಷೆಯೆಂದು ನನ್ನ ಕಿವಿಗೆ ಹಾಕಿದ್ದಳು. ನಾನೂ ನಕ್ಕಿದ್ದೆ. ಅಂದಿನಿಂದ ನಮ್ಮಿಬ್ಬರ ನಡುವೆ "ಅಳಿಯಂದ್ರೇ, ಚೆನ್ನಾಗಿದ್ದೀರಾ?" "ಚೆನ್ನಾಗಿದ್ದೀನಿ ಮಾವ, ನೀವು?" ಇಷ್ಟೇ. ಇವತ್ತು ಅದೂ ಇಲ್ಲ. ತಲೆಯಾಡಿಸಿ ಒಳಗೆ ಹೋದರು.

ಇರಲಿ. ಮನೆಯಲ್ಲಿ ಇನ್ನೊಂದು ಜೀವ ಇದ್ದರೆ ಇವಳಿಗೆ ಧೈರ್ಯ. ಅಷ್ಟಕ್ಕೆ ನಾನು ಕೃತಜ್ಞ.

ಮಾರ್ಚ್ 8, ಶನಿವಾರ

ಮಧ್ಯಾಹ್ನ ಕುಂಬಳಕಾಯಿ, ಬೇಳೆ, ಕೋಳಿಯ ಚೂರು, ಎಲ್ಲ ಅರೆದದ್ದು. ರುಚಿ ಪರವಾಗಿಲ್ಲ, ಬಣ್ಣ ದೇವರಿಗೇ ಪ್ರೀತಿ.

ಇಂದು ಬಡಿಸುವ ಸರದಿ ನನ್ನದು. ಮಾವನವರ ಬಟ್ಟಲಿಗೆ ಒಂದು ಸೌಟು ಹಾಕಿದೆ. "ಹಾಕು" ಎಂದರು. ಇನ್ನೊಂದು ಹಾಕಿದೆ. ಮತ್ತೆ "ಹಾಕು, ಹಾಕು" ಎಂದರು. ಹಲ್ಲಿಲ್ಲದಿದ್ದರೂ ಹಸಿವು ಜೋರಾಗಿದೆ ಎಂದುಕೊಂಡು ಬಟ್ಟಲು ತುಂಬಿಸಿದೆ. ಅವರು ಎರಡೂ ಕೈಯನ್ನು ಬಟ್ಟಲಿಗೆ ಅಡ್ಡ ಹಿಡಿದು ನನ್ನನ್ನು ದುರುಗುಟ್ಟಿ ನೋಡಿದರು. ಆಗ ತಲೆಗೆ ಹೊಳೆಯಿತು. ಅವರು ಹೇಳುತ್ತಿದ್ದದ್ದು "ಸಾಕು". ಹಲ್ಲಿಲ್ಲದ ಬಾಯಲ್ಲಿ ಅದು ಹಾಗೆ ಹೊರಳಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಬಟ್ಟಲನ್ನು ಖಾಲಿ ಮಾಡಿಯೇ ಎದ್ದರು. ಛಲ.

ಮಾರ್ಚ್ 13, ಗುರುವಾರ

ಮೊಸರು, ಮೊಟ್ಟೆ, ಅರೆದ ಹುರುಳಿಕಾಯಿ.

ಬಚ್ಚಲುಮನೆಯಲ್ಲಿ ನಲ್ಲಿ ಬಹಳ ಹೊತ್ತಿನಿಂದ ಸುರಿಯುತ್ತಿತ್ತು. ಮಾವನವರು ಬಿದ್ದುಗಿದ್ದರೋ ಎಂದು ಬಾಗಿಲ ಹತ್ತಿರ ಹೋದೆ. ಒಳಗಿನಿಂದ ದನಿ. ಒಂದೊಂದೇ ಹೆಸರನ್ನು ಎಳೆದು ಕೂಗುತ್ತಿದ್ದಾರೆ, ನಿಲ್ಲಿಸುತ್ತಾರೆ, ಮತ್ತೆ ಅದೇ ಹೆಸರು. ಸಕಾರ ಬರುವಲ್ಲೆಲ್ಲ ಬರೀ ಗಾಳಿ.

ಅವರು ನಿವೃತ್ತರಾಗುವ ತನಕ ಮಾಡಿದ್ದು ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸ. ಅವರು ಬಾಗಿಲಲ್ಲಿ ನಿಂತು ಕೂಗಿದರೆ ಬೀದಿಯಾಚೆ ಟೀ ಕುಡಿಯುತ್ತಿದ್ದವನೂ ಲೋಟ ಬಿಟ್ಟು ಓಡಿಬರುತ್ತಿದ್ದ ಎಂದು ನನ್ನವಳು ಹೇಳುತ್ತಿರುತ್ತಾಳೆ. ಇಷ್ಟು ದಿನ ಅವರ ಮೌನವನ್ನು ನಾನು ಬಿಗುಮಾನ ಎಂದುಕೊಂಡಿದ್ದೆ. ಮೊನ್ನೆ ನಾನು ನಕ್ಕದ್ದು ನೆನಪಾಯಿತು.

ಸದ್ದು ಮಾಡದೆ ಹಿಂದೆ ಬಂದೆ.

ಮಾರ್ಚ್ 19, ಬುಧವಾರ

ಏನೂ ಬೇಡ. ಪಕ್ಕದ ಮನೆಯಲ್ಲಿ ಏನನ್ನೋ ಎಣ್ಣೆಯಲ್ಲಿ ಕರಿಯುತ್ತಿದ್ದಾರೆ. ಹೊಟ್ಟೆಗೆ ಹಸಿವಿಲ್ಲ, ನಾಲಿಗೆಗೆ ಇದೆ, ಮೂಗಿಗಂತೂ ಬರಗಾಲ. ಕಿಟಕಿ ಮುಚ್ಚಿದೆ. ಐದು ನಿಮಿಷಕ್ಕೆ ನಾನೇ ಎದ್ದು ತೆರೆದೆ. ಮಾವನವರೂ ಅದೇ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

ಮಾರ್ಚ್ 25, ಮಂಗಳವಾರ

ಎರಡನೆಯ ಬಡ್ತಿ. ಇನ್ನು ಮಿಕ್ಸಿ ಬೇಡ, ಫೋರ್ಕಿನಲ್ಲಿ ಒತ್ತಿದರೆ ಮುರಿಯುವಂಥದ್ದು ತಿನ್ನಬಹುದು. ಬೇಯಿಸಿದ ಮೀನು, ಮೆತ್ತಗಿನ ಮೊಟ್ಟೆ, ಪನೀರ್. ಡಯಟೀಷಿಯನ್ ಮೇಡಂ ಗಟ್ಟಿಯಾಗಿ ಹೇಳಿದ್ದು ಮೂರು ವಿಷಯ: ಸಣ್ಣ ತುತ್ತು, ಚೆನ್ನಾಗಿ ಅಗಿಯಿರಿ, ಊಟದ ಜೊತೆ ನೀರು ಬೇಡ. "ನೀವು ನುಂಗೋದ್ರಲ್ಲಿ ಎಕ್ಸ್‌ಪರ್ಟು, ಅಗಿಯೋದ್ರಲ್ಲಿ ಫೇಲು" ಎಂದರು. ಇಷ್ಟು ಚೆನ್ನಾಗಿ ಬೈಯುವವರು ಸಿಗುವುದೂ ಪುಣ್ಯ.

ಮೀನು ನಾಲಿಗೆಯ ಮೇಲೆ ಎಸಳೆಸಳಾಗಿ ಬಿಚ್ಚಿತು. ಮಾವನವರು ಒಸಡಿನಲ್ಲೇ ಮೀನು ಅರೆಯುತ್ತಿದ್ದರು. ನನ್ನ ಕಡೆ ನೋಡಿ ಹುಬ್ಬು ಎತ್ತಿದರು, ಹೇಗಿದೆ ಎಂಬ ಹಾಗೆ. ನಾನೂ ಹುಬ್ಬು ಎತ್ತಿದೆ.

ಮಾರ್ಚ್ 28, ಶುಕ್ರವಾರ

ಇಂದಿನದನ್ನು ಬರೆಯಲು ನಾಚಿಕೆ. ಆದರೂ ಬರೆಯಬೇಕು.

ಹನ್ನೊಂದರ ಸುಮಾರಿಗೆ ಅಡುಗೆಮನೆಗೆ ಹೋಗಿ ಫ್ರಿಜ್ ತೆರೆದೆ. ನನ್ನವಳ ಡಬ್ಬಿಯಲ್ಲಿ ಹುರಿದ ಕೋಳಿ ಇತ್ತು. ಹಸಿವಿರಲಿಲ್ಲ. ಕೈ ತಾನಾಗಿ ಹೋಯಿತು. ನಿಂತಲ್ಲೇ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡೆ. ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವೆ ಕಾರಿನಲ್ಲಿ ತಿನ್ನುತ್ತಿದ್ದೆನಲ್ಲ, ಹಾಗೆ, ಎರಡು ಸಲ ಅಗಿದು ನುಂಗಿಬಿಟ್ಟೆ.

ಅದು ಎದೆಯ ನಡುವೆ ಕೂತುಬಿಟ್ಟಿತು. ಯಾರೋ ಮುಷ್ಟಿ ಬಿಗಿದು ಒಳಗಿನಿಂದ ಒತ್ತಿದ ಹಾಗೆ. ಬಾಯಲ್ಲಿ ಜೊಲ್ಲು ತುಂಬಿ ತುಂಬಿ ಬರುತ್ತಿದೆ, ನುಂಗಲಾಗುತ್ತಿಲ್ಲ. ಉಸಿರು ಇದೆ, ಆದರೆ ಬೆವರು ಕಿತ್ತುಬಂತು. ಸಿಂಕಿನ ಅಂಚು ಹಿಡಿದುಕೊಂಡೆ. ಹೊಲಿಗೆ ಬಿಚ್ಚಿತೋ ಏನೋ ಎಂಬ ಭಯ.

ಮಾವನವರು ಬಾಗಿಲಲ್ಲಿ ನಿಂತಿದ್ದರು. ಡಬ್ಬಿ ನೋಡಿದರು, ನನ್ನ ಮುಖ ನೋಡಿದರು. ಮರುಕ್ಷಣ ಫೋನು ಅವರ ಕೈಯಲ್ಲಿತ್ತು. ಆಸ್ಪತ್ರೆಯ ನಂಬರು ಫ್ರಿಜ್ಜಿನ ಬಾಗಿಲ ಮೇಲೇ ಅಂಟಿಸಿತ್ತು.

"ಅಳಿಯನಿಗೆ ಎದೇಲಿ ಸಿಕ್ಕಾಕೊಂಡಿದೆ" ಎಂದರು. ಆ ಕಡೆಯವರಿಗೆ ತಿಳಿಯಲಿಲ್ಲ. ಮತ್ತೆ ಹೇಳಿದರು. ಮತ್ತೆ ತಿಳಿಯಲಿಲ್ಲ. ಮನೆಯವರ ಮುಂದೆ ಒಂದು ಮಾತಾಡಲು ನಾಚಿ ಮೂರು ವಾರ ಬಾಯಿ ಮುಚ್ಚಿಕೊಂಡಿದ್ದ ಮನುಷ್ಯ, ಗುರುತಿಲ್ಲದ ಯಾರಿಗೋ ಅದೇ ಮಾತನ್ನು ನಿಧಾನವಾಗಿ, ಜೋರಾಗಿ, ಗಾಳಿ ಸೋರುವ ಬಾಯಿಂದ ಮತ್ತೆ ಮತ್ತೆ ಹೇಳಿದರು. "ಆಪರೇಷನ್! ಹೊಟ್ಟೆ! ಕೋಳಿ ತಿಂದ! ಹೂಂ, ಕೋಳಿ!" ಕೊನೆಗೆ ಅವರಿಗೆ ಅರ್ಥವಾಯಿತು.

ಫೋನಿಟ್ಟು ನನ್ನ ತೋಳು ಹಿಡಿದರು. "ನೀರು ಕುಡೀಬೇಡ. ಬಗ್ಗಬೇಡ. ನಡಿ. ಇಳೀಲಿಲ್ಲ ಅಂದ್ರೆ ಕರ್ಕೊಂಬನ್ನಿ ಅಂದ್ರು. ನಡಿ, ನಾನಿದೀನಿ."

ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದೆವು. ಅವರ ಅಂಗೈ ನನ್ನ ಬೆನ್ನ ಮೇಲೇ ಇತ್ತು. ಎಷ್ಟು ಹೊತ್ತೋ. ಆಮೇಲೆ ಅದು ಹೊರಗೆ ಬಂತು, ಬಚ್ಚಲುಮನೆಯಲ್ಲಿ. ಎದೆ ಹಗುರಾಯಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರು ಸ್ಟೂಲಿನ ಮೇಲೆ ಕೂತರು.

"ಅವಳಿಗೆ ನೀನು ಬೇಕು" ಎಂದರು. ಟವೆಲ್ಲನ್ನು ನನ್ನ ಕೈಗಿಡುತ್ತಾ, "ಮೊದಲಿಂದ ನಂಗೆ ಅದೇ ಹೆದರಿಕೆ" ಎಂದರು.

ಎಷ್ಟು ವರ್ಷ ಇರ್ತಾನೆ ಎಂಬ ಆ ಹಳೆಯ ಮಾತನ್ನು ನಾನು ಇಷ್ಟು ವರ್ಷ ಅವಮಾನವೆಂದೇ ಹೊತ್ತುಕೊಂಡಿದ್ದೆ.

ಇವಳು ಬಂದಮೇಲೆ ನಾನೇ ಎಲ್ಲ ಹೇಳಿದೆ. ಬೈಯಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ತೊಂದರೆಯಿಲ್ಲ ಎಂದು ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ ಅಪ್ಪನ ತಲೆಗೆ ಎಣ್ಣೆ ಹಚ್ಚುತ್ತಾ ಕೂತಳು.

ಏಪ್ರಿಲ್ 3, ಗುರುವಾರ

ಮಾವನವರ ಹಲ್ಲು ಬಂತು! ಮೇಲಿನದು, ಕೆಳಗಿನದು, ಫಳಫಳ. ಹಾಕಿಕೊಂಡು ಕನ್ನಡಿಯಲ್ಲಿ ನೋಡಿ, "ಇದ್ಯಾರೋ ಟಿವಿ ನ್ಯೂಸ್ ಓದೋನ ಹಾಗಿದಾನೆ" ಎಂದರು. ಸಕಾರ ಇನ್ನೂ ಸೀಟಿ ಹೊಡೆಯುತ್ತದೆ. ಒಸಡು ನೋಯುತ್ತದಂತೆ. ಮೆತ್ತಗಿನದನ್ನೇ ತಿಂದು ಅಭ್ಯಾಸ ಮಾಡಿಕೊಳ್ಳಿ, ಎರಡೂ ಕಡೆ ಸಮವಾಗಿ ಅಗಿಯಿರಿ ಎಂದು ಹಲ್ಲಿನ ಡಾಕ್ಟರು ಹೇಳಿದ್ದಾರೆ.

ಅಂದರೆ ಇಬ್ಬರಿಗೂ ಒಂದೇ ಪಾಠ. ಮಧ್ಯಾಹ್ನ ಒಂದು ಒಪ್ಪಂದವಾಯಿತು. ತುತ್ತು ಬಾಯಿಗಿಟ್ಟ ಮೇಲೆ ಚಮಚ ಮೇಜಿನ ಮೇಲಿಡಬೇಕು. ಬಾಯಿ ಖಾಲಿಯಾಗದೆ ಯಾರು ಚಮಚ ಮುಟ್ಟುತ್ತಾರೋ ಅವರು ಪಾತ್ರೆ ತೊಳೆಯಬೇಕು. ಇಂದು ನಾನು ತೊಳೆದೆ. ಮಾವ ಕೋರ್ಟಿನ ಕಥೆ ಹೇಳಿ ನನ್ನನ್ನು ಮೈಮರೆಸಿದರು. ಒಬ್ಬ ಕಕ್ಷಿದಾರ ಹೆಸರು ಕೂಗಿದ್ದಕ್ಕೆ ಗಾಬರಿಯಾಗಿ ಕಿಟಕಿಯಿಂದ ಹಾರಿದನಂತೆ, ಅದೂ ಅವನೇ ಗೆಲ್ಲುವ ಕೇಸಿನಲ್ಲಿ.

ಏಪ್ರಿಲ್ 9, ಬುಧವಾರ

ಕೆಲಸಕ್ಕೆ ಹೋಗತೊಡಗಿ ಮೂರು ದಿನ. ಅರ್ಧ ದಿನವಷ್ಟೇ. ಡ್ರೈವಿಂಗ್ ಸ್ಕೂಲಿನ ಮಾಲೀಕರು ನನ್ನ ಜಾಗದಲ್ಲಿ ಬೇರೆಯವರನ್ನು ಹಾಕಿಕೊಳ್ಳದೆ ಇಷ್ಟು ದಿನ ಕಾದರು. ಅವರ ಹೊಟ್ಟೆ ತಣ್ಣಗಿರಲಿ.

ಇಂದು ಪಕ್ಕದಲ್ಲಿ ಬ್ರೇಕಮ್ಮ. ಹೂವಿನ ಅಂಗಡಿಯ ಒಡತಿ. ಎದುರು ಬೀದಿಯಲ್ಲಿ ನಾಯಿ ಮಲಗಿದ್ದರೂ ಇಲ್ಲಿ ಬ್ರೇಕ್ ಒತ್ತುವುದರಿಂದ ನಾನಿಟ್ಟ ಹೆಸರು. ಇವತ್ತು ಮಾರುಕಟ್ಟೆಯ ತಿರುವನ್ನು ಒಂದೇ ಸಲಕ್ಕೆ ದಾಟಿದರು.

"ಮೇಷ್ಟ್ರೇ, ಸೀಟ್ ಬೆಲ್ಟ್ ಹೊಸದು ಹಾಕ್ಸಿದ್ರಾ? ಉದ್ದ ಆಗಿದೆ."

"ಇಲ್ವಲ್ಲಾ, ಅದೇ" ಎಂದೆ. ಗೇರು ಇಳಿಸುವುದು ಹೇಗೆಂದು ಅವರಿಗೆ ಮತ್ತೊಮ್ಮೆ ತೋರಿಸಬೇಕಿತ್ತು.

ಪಾಠಗಳ ನಡುವೆ ಬಿಡುವಿದೆ. ಊಟಕ್ಕೆ ಮನೆಗೇ ಬರುತ್ತೇನೆ. ನಾನು ಬಂದು ಕೂರದೆ ಮಾವ ಚಮಚ ಎತ್ತುವುದಿಲ್ಲ. ಹಸಿದ ಮುದುಕರನ್ನು ಕಾಯಿಸುವುದು ಚೆನ್ನಾಗಿರುವುದಿಲ್ಲ.

ಏಪ್ರಿಲ್ 13, ಭಾನುವಾರ

ನಾದಿನಿಯ ಮನೆಯಲ್ಲಿ ಷಡ್ಡಕನ ಐವತ್ತನೆಯ ಹುಟ್ಟುಹಬ್ಬ. ನೆಂಟರು, ಷಡ್ಡಕನ ಆಫೀಸಿನವರು, ಉದ್ದನೆಯ ಮೇಜು. ಮಾವ ಹೊಸ ಹಲ್ಲಿನಲ್ಲಿ ಶರ್ಟಿನ ಕಾಲರು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನಾನು ಪಕ್ಕದಲ್ಲಿ. ಅರ್ಧ ಊಟಕ್ಕೆ ಅವರು ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮಿದರು. ಆಮೇಲೆ ಕರವಸ್ತ್ರವನ್ನು ಗಂಟು ಹಾಕಿ ಜೇಬಿಗಿಳಿಸಿದರು. ಕೆನ್ನೆ ಒಳಗೆ ಹೋಯಿತು. ನೋವು ತಡೆಯಲಾರದೆ ಹಲ್ಲು ಬಿಚ್ಚಿಟ್ಟಿದ್ದರು.

ಅದೇ ಹೊತ್ತಿಗೆ ನಾದಿನಿ ಚಪ್ಪಾಳೆ ತಟ್ಟಿ, "ಈಗ ಅಪ್ಪ ಎರಡು ಮಾತಾಡ್ತಾರೆ! ಅಪ್ಪನ ದನಿ ಕೇಳಿ ಎಷ್ಟು ದಿನ ಆಯ್ತು!" ಎಂದಳು. ಎಲ್ಲರೂ ತಿರುಗಿದರು. ಮಾವ ಕುರ್ಚಿಯ ಕೈ ಹಿಡಿದುಕೊಂಡರು. ನನ್ನ ಕಡೆ ನೋಡಿದರು.

ನಾನು ಎದ್ದು ನಿಂತೆ. "ಮಾವ ಇವತ್ತಿನ ಭಾಷಣ ನಂಗೆ ವಹಿಸಿದಾರೆ" ಎಂದೆ. ಏನು ಹೇಳುವುದು? ಬಾಯಿಗೆ ಬಂದದ್ದು ಷಡ್ಡಕನಿಗೆ ನಾನು ಕಾರು ಕಲಿಸಿದ ಕಥೆ. ತನ್ನ ಮನೆಯ ಗೇಟಿಗೆ ತಾನೇ ಗುದ್ದಿ, ಇಳಿದು ಬಂದು, ಗೇಟಿಗೆ ಕ್ಷಮೆ ಕೇಳಿದ್ದು. ಅವನ ಆಫೀಸಿನವರು ಮೇಜು ಕುಟ್ಟಿ ನಕ್ಕರು. ಷಡ್ಡಕ ಬಂದು ಅಪ್ಪಿಕೊಂಡ. ಮಾವ ತುಟಿ ಬಿಗಿ ಹಿಡಿದು ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಕಣ್ಣಲ್ಲಿ ನೀರು.

ನಾದಿನಿ ಕೇಕ್ ತಂದಳು. "ಭಾವ, ಒಂದೇ ಒಂದು ತುಂಡು. ನನ್ನಾಣೆ."

"ಬೇಡಮ್ಮ, ಸಾಕು."

"ಮೊದಲೆಲ್ಲ ನೀವೇ ಕೇಳಿ ಹಾಕಿಸ್ಕೊಳ್ತಿದ್ರಿ!"

"ಹೌದು, ಚೆನ್ನಾಗಿ ಮಾಡ್ತೀಯ" ಎಂದು ತಟ್ಟೆ ಪಕ್ಕದವರಿಗೆ ದಾಟಿಸಿದೆ. ಪಕ್ಕದಲ್ಲಿದ್ದವರಿಗೆ ಹಳೆಯ ಕಾರುಗಳ ಹುಚ್ಚು. ಒಳ್ಳೆಯ ಮಾತು ನಡೆದಿತ್ತು.

ವಾಪಸು ಬರುವಾಗ ನನ್ನವಳು ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತಿದ್ದಳು. "ಏನು, ಮುಖಕ್ಕೆ ಏನಾದ್ರೂ ಅಂಟಿದೆಯಾ?" ಎಂದೆ. "ಇಲ್ಲ ರೀ, ಗಾಡಿ ಓಡ್ಸಿ" ಎಂದಳು.

ಏಪ್ರಿಲ್ 22, ಮಂಗಳವಾರ

ಆಸ್ಪತ್ರೆಗೆ ಹೋಗಿಬಂದೆವು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಡಾಕ್ಟರು ನಿಲ್ಲಿಸಿದರು. ಗಟ್ಟಿ ಊಟಕ್ಕೂ ಅಪ್ಪಣೆ ಸಿಕ್ಕಿತು. "ನಾನು ಹೊಲಿದೆ, ಅಷ್ಟೇ. ಉಳಿದದ್ದು ನೀವೇ" ಎಂದರು. ಅವರ ಕೈ ಹಿಡಿದುಕೊಂಡೆ.

ಆದರೆ ಇಂದಿನ ಮುಖ್ಯ ಸುದ್ದಿ ಅದಲ್ಲ. ಹೊರಗೆ ಕಾಯುವ ಜಾಗದಲ್ಲಿ ವಿಪರೀತ ಗದ್ದಲ. ನರ್ಸಮ್ಮನದು ಮೆತ್ತಗಿನ ದನಿ, ಹೆಸರು ಕರೆದು ಕರೆದು ಸೋತಿದ್ದರು. ಮಾವ ಎದ್ದು ಹೋಗಿ "ಕೊಡಮ್ಮ ಇಲ್ಲಿ" ಎಂದು ಅವರ ಕೈಯಲ್ಲಿದ್ದ ಚೀಟಿ ನೋಡಿ, ಎದೆಯುಬ್ಬಿಸಿ, ನನ್ನ ಹೆಸರನ್ನು ಕೂಗಿದರು. ಒಂದು ಅಕ್ಷರವೂ ಸೋರಲಿಲ್ಲ. ಇಡೀ ಕಾರಿಡಾರು ಎದ್ದು ನಿಂತಿತು. ನಾನು ಅವರ ಪಕ್ಕದಲ್ಲೇ ಇದ್ದೆ, ಆದರೂ ಬೆಚ್ಚಿಬಿದ್ದೆ. ನರ್ಸಮ್ಮ ಉಳಿದ ಹೆಸರುಗಳನ್ನೂ ಅವರಿಂದಲೇ ಕೂಗಿಸಿದರು. ಮನೆಗೆ ಹೊರಡಿಸಲು ಸಾಕುಬೇಕಾಯಿತು.

ಮಧ್ಯಾಹ್ನ ಹಸಿ ಸೌತೆಕಾಯಿ ಹೆಚ್ಚಿಟ್ಟುಕೊಂಡು ಕೂತೆವು. ಮಾವ ಕಚ್ಚಿದರು: ಕಟಮ್. ನಾನು ಕಚ್ಚಿದೆ: ಕಟಮ್. ಇಂಥ ಸದ್ದು ಈ ಮೇಜಿನಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಇಬ್ಬರೂ ಅದನ್ನೇ ಕೇಳುತ್ತ ಕೂತೆವು.

ಏಪ್ರಿಲ್ 27, ಭಾನುವಾರ

ಮಾವ ತಮ್ಮ ಮನೆಗೆ ಹೊರಟರು. ಇರಿ ಎಂದರೆ ಕೇಳಲಿಲ್ಲ. "ನಮ್ಮ ಇಸ್ಪೀಟು ಟೇಬಲ್‌ನಲ್ಲಿ ಒಂದು ಕೈ ಕಮ್ಮಿ ಇದೆ. ಅವರಿಗೂ ನಾನು ಬೇಡ್ವಾ?" ಎಂದರು. ನಾನೇ ಕಾರಿನಲ್ಲಿ ಬಿಟ್ಟುಬಂದೆ. ಅವರ ಪೆಟ್ಟಿಗೆ ಎತ್ತಿಕೊಂಡು ಮೇಲೆ ಹೋದೆ. ಇಷ್ಟು ವರ್ಷ ಕೆಳಗೆ ಕಾರಿನಲ್ಲೇ ಕೂತು ಹಾರ್ನ್ ಹೊಡೆಯುತ್ತಿದ್ದೆ, ಆ ಕೋಣೆಗಳನ್ನು ನೋಡೇ ಇರಲಿಲ್ಲ. ಚೆನ್ನಾಗಿವೆ. ಮೂರನೆಯ ಮಹಡಿ, ಗಾಳಿ ಧಾರಾಳ. ಕಿಟಕಿಯಲ್ಲಿ ನಿಂತರೆ ಬಸ್ ಡಿಪೋ ಕಾಣುತ್ತದೆ. ಗೋಡೆಯ ಮೇಲೆ ನಮ್ಮ ಮದುವೆಯ ಫೋಟೋ ಇದೆ, ಅದು ಅಲ್ಲಿರುವುದು ನನಗೆ ಗೊತ್ತಿರಲಿಲ್ಲ.

"ಹುಷಾರು" ಎಂದರು. "ನೀವೂ" ಎಂದೆ.

ಏಪ್ರಿಲ್ 29, ಮಂಗಳವಾರ

ಪಾಠ ಮುಗಿಸಿ ಮನೆಗೆ ಬಂದು ತಟ್ಟೆ ಹಾಕಿಕೊಂಡೆ. ಎದುರಿನ ಕುರ್ಚಿಯನ್ನು ಒಳಕ್ಕೆ ತಳ್ಳಿದೆ, ಮತ್ತೆ ಸ್ವಲ್ಪ ಹೊರಕ್ಕೆ ಎಳೆದೆ. ಚಮಚ ಎತ್ತಲು ಮನಸ್ಸು ಬರಲಿಲ್ಲ. ಫೋನ್ ಬಂತು.

"ಕೂತ್ಯಾ?"

"ಈಗ ತಾನೇ. ನೀವು?"

"ಕೂತಿದೀನಿ. ಫೋನ್ ಇಡಬೇಡ. ತಟ್ಟೆ ಪಕ್ಕದಲ್ಲೇ ಇಟ್ಕೋ."

ಸ್ಪೀಕರ್ ಹಾಕಿ ಲೋಟಕ್ಕೆ ಒರಗಿಸಿಟ್ಟೆ. ಆ ಕಡೆ ಚಮಚ ಮೇಜಿನ ಮೇಲೆ ಕೂತ ಸದ್ದು. ನಾನೂ ಇಟ್ಟೆ. ಅವರು ಅಗಿಯುವುದು ಕೇಳಿಸುತ್ತಿತ್ತು. ನನ್ನದು ಅವರಿಗೆ ಕೇಳಿಸುತ್ತಿದ್ದಿರಬೇಕು. ಅವರ ಕಿಟಕಿಯಿಂದ, ಕೆಳಗಿನ ಅಂಗಡಿಯ ಗಡಿಯಾರಗಳು ಒಂದರ ಹಿಂದೆ ಒಂದು ಗಂಟೆ ಹೊಡೆದವು. ಅವೆಲ್ಲ ಮುಗಿಯುವ ತನಕ ಇಬ್ಬರೂ ತಡೆದು, ಮತ್ತೆ ಶುರು ಮಾಡಿದೆವು.

ನನ್ನವಳು ಪಾಳಿ ಮುಗಿಸಿ ಒಳಗೆ ಬಂದಳು. ನನ್ನನ್ನು ನೋಡಿದಳು, ಖಾಲಿ ಕುರ್ಚಿ ನೋಡಿದಳು, ಫೋನಿನ ಕಡೆ ಕಿವಿಗೊಟ್ಟಳು. ಬ್ಯಾಗು ಕೆಳಗಿಟ್ಟು ಮೇಜಿನ ಮೇಲೆ ಬಗ್ಗಿದಳು.

"ಅಪ್ಪಾ? ಏನು ಮಾಡ್ತಿದೀಯ?"

ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಬಾಯಿ ಖಾಲಿಯಾಗಬೇಕಿತ್ತು.

"ಸುಮ್ನಿರು ಮಗಳೇ" ಎಂದರು ಮಾವ. "ನಾವು ಊಟ ಮಾಡ್ತಿದೀವಿ."